ರಾಗಿ ಡ್ರಮ್ಮಿನ ದುರ್ಯೋಧನ

ಈ ವರ್ಷ ನಮ್ಮ ಮನೆಯ ರಾಗಿ ಡ್ರಮ್ಮಿನಲ್ಲಿ ದುರ್ಯೋಧನನಿಲ್ಲ. ಮೊನ್ನೆ ನನ್ನ ಹೆಂಡತಿ ಡ್ರಮ್ಮನ್ನು ತೊಳೆದು, ಮಹಡಿಯ ಬಿಸಿಲಿಗೆ ಬೋರಲು ಹಾಕಿ ಒಣಗಿಸಿ, ಊರಿಂದ ಬಂದ ರಾಗಿಯನ್ನು ಸುರಿಯುವ ಮುಂಚೆ ರೂಢಿಯಂತೆ ನನ್ನೆದುರು ಅಂಗೈ ಚಾಚಿ, "ಎಲ್ರೀ, ಈ ಸಲದ್ದು?" ಎಂದು ಕೇಳಿದಾಗಲೇ ನನಗೆ ನೆನಪಾದದ್ದು. ಹಳೆಯದು ಆಗಲೇ ನೀರಿನಲ್ಲಿ ಕರಗಿ ಕರಿಬೇವಿನ ಗಿಡದ ಬುಡ ಸೇರಿತ್ತು. ಹೊಸದನ್ನು ತರುವುದನ್ನು ನಾನು ಮರೆತುಬಂದಿದ್ದೆ. ಇಪ್ಪತ್ತೈದು ವರ್ಷದಿಂದ ಮಕ್ಕಳಿಗೆ ಕನ್ನಡ ಪಾಠ ಹೇಳುತ್ತ, ಹೋಂವರ್ಕ್ ಮರೆತುಬಂದವರನ್ನು ಬೆಂಚಿನ ಮೇಲೆ ನಿಲ್ಲಿಸುತ್ತ ಬಂದವನು ನಾನು. ಆವತ್ತು ಅಡುಗೆಮನೆಯ ಬಾಗಿಲಲ್ಲಿ ಸುಮ್ಮನೆ ತಲೆ ಕೆರೆದುಕೊಂಡು ನಿಂತೆ.

ಗಾಬರಿಯಾಗಬೇಡಿ ಸ್ವಾಮಿ, ವಿವರಿಸುತ್ತೇನೆ. ಬಂಗಾರಪೇಟೆಯಿಂದ ಆಟೋದಲ್ಲಿ ಅರ್ಧ ಗಂಟೆ ಕುಲುಕಾಡಿದರೆ ಸಿಗುವ ನಮ್ಮೂರಿನಲ್ಲಿ ದ್ರೌಪದಮ್ಮನ ಗುಡಿಯಿದೆ. ಬೇಸಿಗೆ ಬಂತೆಂದರೆ ಅಲ್ಲಿ ಹದಿನೆಂಟು ದಿನ ಭಾರತದ ಕಥೆ. ಗಡಿಯಾಚೆಯಿಂದ ಬರುವ ಕಥೆಯವರು ಮಧ್ಯಾಹ್ನದ ಹೊತ್ತು ತೆಲುಗಿನಲ್ಲಿ ಶುರುಮಾಡಿ, ನಗಿಸಬೇಕಾದ ಕಡೆ ತಮಿಳಿಗೂ ಅಳಿಸಬೇಕಾದ ಕಡೆ ಕನ್ನಡಕ್ಕೂ ಹೊರಳುತ್ತ ಹೇಳುತ್ತಾರೆ, ಕೇಳುವವರೂ ಮೂರು ಭಾಷೆಯಲ್ಲಿ ನಿಟ್ಟುಸಿರು ಬಿಡುತ್ತಾರೆ. ಹದಿನೆಂಟನೆಯ ದಿನ ಗುಡಿಯ ಹಿಂದಿನ ಬಯಲಿನಲ್ಲಿ ದುರ್ಯೋಧನನ ವಧೆ. ಅವನು ಮಣ್ಣಿನವನು. ಇಪ್ಪತ್ತು ಮೊಳದ ಆಳು, ಅಂಗಾತ ಮಲಗಿರುತ್ತಾನೆ. ಸುಣ್ಣದ ಹಲ್ಲು, ಮೊರದಗಲದ ಕಣ್ಣು, ಕಿವಿಯವರೆಗೆ ಹೋಗುವ ಮೀಸೆ. ಅವನ ಎಡತೊಡೆಯೊಳಗೆ ಕುಂಕುಮದ ನೀರು ತುಂಬಿದ ಮಡಕೆಯೊಂದನ್ನು ಹುದುಗಿಸಿ ಮೇಲೆ ಮಣ್ಣು ಮೆತ್ತಿರುತ್ತಾರೆ. ಭೀಮ ಅಲ್ಲಿಗೇ ಗದೆ ಬೀಸಬೇಕು, ಮಡಕೆ ಒಡೆದು ಕೆಂಪು ಚಿಮ್ಮಬೇಕು, ದ್ರೌಪದಿ ಆ ನೆತ್ತರನ್ನು ಕೂದಲಿಗೆ ಸವರಿ, ಸಭೆಯಲ್ಲಿ ಬಿಚ್ಚಿದ ಮುಡಿಯನ್ನು ಕೊನೆಗೂ ಕಟ್ಟಬೇಕು. ಅದಾದ ಮರುಗಳಿಗೆ ಊರಿಗೆ ಊರೇ ಆ ಮಣ್ಣಿಗೆ ಮುಗಿಬಿದ್ದು, ಸೆರಗಿಗೂ ಟವಲಿಗೂ ಕಟ್ಟಿಕೊಂಡು ಮನೆಗೊಯ್ಯುತ್ತದೆ. ಹೊಲಕ್ಕೆ ಒಂದು ಹಿಡಿ, ದನದ ಕೊಟ್ಟಿಗೆಗೆ ಒಂದು ಹಿಡಿ, ಮಿಕ್ಕದ್ದನ್ನು ಉಂಡೆ ಕಟ್ಟಿ ರಾಗಿಯೊಳಗೆ. ವರ್ಷವೆಲ್ಲ ರಾಗಿಗೆ ಹುಳ ಬೀಳುವುದಿಲ್ಲ, ಡ್ರಮ್ಮು ತಳ ಕಾಣುವುದಿಲ್ಲ ಎಂಬುದು ನಂಬಿಕೆ.

ಈಗ ನೀವೇ ಹೇಳಿ, ಇದು ವಿಚಿತ್ರವಲ್ಲವೇ? ಅಷ್ಟು ದೊಡ್ಡ ಕಥೆಯಲ್ಲಿ ಮಣ್ಣು ತರಲು ಇನ್ಯಾರೂ ಸಿಗಲಿಲ್ಲವೇ? ಸುಳ್ಳಾಡದ ಧರ್ಮರಾಯನ ಪಾದಧೂಳಿ ಇದೆ, ಶರಶಯ್ಯೆಯ ಕೆಳಗಿನ ಪುಣ್ಯಭೂಮಿ ಇದೆ. ಅದೆಲ್ಲ ಬಿಟ್ಟು, ಮನೆಯ ಸೊಸೆಯನ್ನು ಸಭೆಗೆ ಎಳೆಸಿದವನ ತೊಡೆಯನ್ನು ತಂದು ಅನ್ನದ ಜೊತೆ ಇಡುತ್ತೇವೆ. ನಾನಿರುವುದು ರಾಬರ್ಟ್‌ಸನ್‌ಪೇಟೆಯಲ್ಲಿ. ಮಹಡಿ ಹತ್ತಿದರೆ ಗಣಿಯ ಸೈನೈಡ್ ದಿಬ್ಬ ಕಾಣುತ್ತದೆ, ಚಿನ್ನವನ್ನು ಹಿಂಡಿ ತೆಗೆದ ಮೇಲೆ ಉಳಿದ ಮಣ್ಣು ಅದು, ಇಷ್ಟು ವರ್ಷವಾದರೂ ಸೊಂಪಾಗಿ ಒಂದು ಗಿಡ ಎದ್ದಿಲ್ಲ. ಒಳ್ಳೆಯದನ್ನೆಲ್ಲ ಬೇರೆ ಮಾಡಿ ಒಯ್ದ ಮೇಲೆ ಉಳಿಯುವುದು ಹೀಗಿರುತ್ತದೆ ಎಂದು ನೋಡಿಕೊಂಡೇ ಬದುಕುವವರು ನಾವು. ನಮ್ಮೂರಿನವರು ಮಾತ್ರ ಕೆಟ್ಟವನೆಂದು ಕಥೆಯೇ ಸಾರಿದವನ ಮಣ್ಣನ್ನು ಬೀಜದ ಪಕ್ಕ ಇಟ್ಟುಕೊಳ್ಳುತ್ತಾರೆ. ಒಮ್ಮೆ ಪಾಠದ ನಡುವೆ ಗಣಿಯ ಕೋರಮಂಡಲ್ ಕಾಲೊನಿ ಕಡೆಯಿಂದ ಬರುವ ಹುಡುಗಿಯೊಬ್ಬಳು ಎದ್ದು, "ಸಾರ್, ಕೊನೇಲಿ ಧರ್ಮರಾಯ ಸ್ವರ್ಗಕ್ಕೆ ಹೋದ್ರೆ ಅಲ್ಲಿ ದುರ್ಯೋಧನನೇ ಕೂತಿದ್ನಂತಲ್ಲ, ಯಾಕೆ ಸಾರ್?" ಎಂದು ಕೇಳಿದಳು. ಕ್ಷತ್ರಿಯಧರ್ಮ, ರಣದಲ್ಲಿ ಮಡಿದವರಿಗೆ ವೀರಸ್ವರ್ಗ ಎಂದೆಲ್ಲ ಏನೋ ಹೇಳಿ ಕೂರಿಸಿದೆ. ಗಂಟೆ ಹೊಡೆದು ನನ್ನನ್ನು ಪಾರುಮಾಡಿತು.

ಇಷ್ಟಾದ ಮೇಲೆ ನಮ್ಮ ಮನೆಯ ಭಾರತಕ್ಕೆ ಬರಲೇಬೇಕು. ನಾವು ಮೂವರು ಅಣ್ಣತಮ್ಮಂದಿರು, ದೊಡ್ಡಣ್ಣ, ಚಿಕ್ಕಣ್ಣ, ಕೊನೆಯವನು ನಾನು. ಅಣ್ಣಂದಿರಿಬ್ಬರೂ ಊರಲ್ಲೇ ಹೊಲ, ಹಸು ನೋಡಿಕೊಂಡಿದ್ದಾರೆ. ದುರ್ಯೋಧನನನ್ನು ಮಾಡುವ ಕೆಲಸವೂ ಅವನನ್ನು ಹೊಡೆಯುವ ಕೆಲಸವೂ ತಲೆತಲಾಂತರದಿಂದ ನಮ್ಮ ಮನೆಯವರದೇ. ದೊಡ್ಡಣ್ಣ ಮಣ್ಣು ಕಲಸಿ ದುರ್ಯೋಧನನನ್ನು ಮಲಗಿಸುತ್ತಾನೆ, ಚಿಕ್ಕಣ್ಣ ಭೀಮನಾಗಿ ಗದೆ ಹಿಡಿಯುತ್ತಾನೆ. ಹನ್ನೊಂದು ವರ್ಷದ ಹಿಂದೆ ಆಸ್ತಿ ಪಾಲಾಯಿತು. ಹಳೆಯ ಮನೆಯ ನಡುವೆ ಗೋಡೆ ಬಂತು, ಹೊಲದ ನಡುವೆ ಕಲ್ಲು ಬಂತು, ಎಲ್ಲವೂ ಮರ್ಯಾದೆಯಿಂದ ಮುಗಿಯಿತು. ಆದರೆ ಹಿತ್ತಿಲಿನ ತಿಪ್ಪೆ ಯಾರದೆಂದು ಬರೆಸುವುದನ್ನು ಎಲ್ಲರೂ ಮರೆತರು. ಎರಡು ಮನೆಯ ಎಂಟು ಸೀಮೆಹಸುಗಳ ಸಗಣಿ ಅದೇ ತಿಪ್ಪೆಗೆ ಬೀಳುತ್ತ ಅದು ಬೆಳೆಯಿತು. ಅದೇ ವರ್ಷದ ಮಳೆಗೆ ಚಿಕ್ಕಣ್ಣನ ಗೋಡೆಯ ಕಡೆಗೆ ಜರುಗಿತು. ಅವನು ಸಲಿಕೆ ತಂದು ಅತ್ತ ನೂಕಿದ, ದೊಡ್ಡಣ್ಣ ಸಲಿಕೆ ತಂದು ಇತ್ತ ನೂಕಿದ. ಕುರುಕ್ಷೇತ್ರಕ್ಕೆ ಸೂಜಿಮೊನೆಯಷ್ಟಾದರೂ ನೆಲದ ನೆಪವಿತ್ತು, ನಮ್ಮದಕ್ಕೆ ಇದ್ದದ್ದು ಸಗಣಿ.

ಆವತ್ತು ಚಿಕ್ಕಣ್ಣ ಸಲಿಕೆ ಎತ್ತಿಹಿಡಿದು, "ನಿನ್ ಎಣಕ್ಕೂ ಬರಲ್ಲ ನಾನು, ಓಗು!" ಎಂದ. ದೊಡ್ಡಣ್ಣ ಬಿಟ್ಟಾನೆಯೇ? "ನೀನ್ ಬಂದ್ರೆ ಎದ್ದು ಓಗ್ತೀನಿ ನಾನು!" ಎಂದ. ತನ್ನ ಹೆಣವೇ ಎದ್ದು ನಡೆಯುತ್ತದೆ ಎಂದು ಅವನು ಹೇಳಿದ್ದು ಕೇಳಿ ನಾನು ನಕ್ಕುಬಿಟ್ಟೆ. ನಕ್ಕವನು ನಾನೊಬ್ಬನೇ. ಅದೇ ಕೊನೆ, ಆಮೇಲೆ ಅವರಿಬ್ಬರೂ ಒಂದು ಮಾತೂ ಆಡಲಿಲ್ಲ. ಒಂದೇ ಹಿತ್ತಿಲು, ಒಂದೇ ಬೀದಿ, ಹಾಲು ಹಾಕಲು ಒಂದೇ ಡೈರಿ, ಮುಂದೆ ನಿಂತವನು ಅಣ್ಣನೆಂದು ಕಂಡರೆ ತಮ್ಮ ಕ್ಯಾನು ಹಿಡಿದು ಬೇವಿನ ಮರದ ಕಡೆ ತಿರುಗಿ ನಿಲ್ಲುತ್ತಿದ್ದ.

ಅಮ್ಮ ಇಬ್ಬರಿಗೂ ಸೇರಿದವಳು, ತಿಂಗಳಿಗೊಂದು ಮನೆಯಂತೆ ಗೋಡೆಯ ಆಚೆ ಈಚೆ ಊಟ ಮಾಡುತ್ತಾಳೆ. ಎಂಬತ್ತರ ಹತ್ತಿರ ಬಂದಿರುವ ಆಕೆಗೆ ಉಳಿದಿದ್ದ ಆಸೆ ಒಂದೇ, ಅದನ್ನು ಮುಚ್ಚಿಟ್ಟುಕೊಳ್ಳುವ ಸ್ವಭಾವವೂ ಆಕೆಯದಲ್ಲ. ನಾನು ಹೋದಾಗಲೆಲ್ಲ ಹೇಳುತ್ತಿದ್ದಳು: "ನಾನ್ ಕಣ್ಣು ಮುಚ್ಚೋದ್ರೊಳ್ಗೆ ಈ ಮೂಳಗಳು ಒಬ್ರನ್ನೊಬ್ರು ಮಾತಾಡ್ಸೋದ್ನ ಕಿವಿಯಾರೆ ಕೇಳ್ಬೇಕು ಕಣ್ಲಾ. ಎಗಲು ಕೊಡೋಕ್ ಬಂದಾಗ್ಲೂ ಒಬ್ಬ ಇಂಗೆ ಒಬ್ಬ ಅಂಗೆ ಮೂತಿ ತಿರುಗಿಸ್ಕೊಂಡ್ರೆ ನನ್ನ ಚಟ್ಟ ಯಾವ್ ಕಡೆ ಓಗ್ಬೇಕು?" ಕೇಳಿದವರು ನಗುತ್ತಿದ್ದರು, ಆಕೆಯೂ ನಗುತ್ತಿದ್ದಳು, ಆಮೇಲೆ ಸೆರಗಿನ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

ಮಾತಿಲ್ಲದ ಮೇಲೆ ವಧೆ ಹೇಗೆ ನಡೆಯುತ್ತದೆ ಎಂದು ನೀವು ಕೇಳಬಹುದು. ಅಲ್ಲೇ ಇದೆ ಕಷ್ಟ. ಮಣ್ಣಿನ ತೊಡೆ ಒಬ್ಬ ಮನುಷ್ಯನಷ್ಟು ಉದ್ದ. ಮಡಕೆ ಅದರೊಳಗೆ ಎಲ್ಲಿದೆ ಎಂಬುದು ವರ್ಷವರ್ಷಕ್ಕೂ ಬದಲಾಗುತ್ತದೆ. ಅದನ್ನು ಮಾಡಿದವನೊಬ್ಬನೇ ಬಲ್ಲ. ವಧೆಯ ದಿನ ಬೆಳಿಗ್ಗೆ ಅವನು ಭೀಮನ ಕಿವಿಯಲ್ಲಿ, ಮಂಡಿಯಿಂದ ಮೇಲಕ್ಕೆ ಎಷ್ಟು ಗೇಣು ಎಂಬ ಲೆಕ್ಕವನ್ನು ಮಾತ್ರ ಹೇಳುತ್ತಾನೆ, ಬೇರೆ ಕಿವಿ ಕೇಳಬಾರದು. ಕಂಕಣ ಕಟ್ಟಿಕೊಂಡ ಭೀಮ ಆ ಹದಿನೆಂಟು ದಿನ ಫೋನನ್ನೂ ಮುಟ್ಟುವಂತಿಲ್ಲ. ಜಗಳವಾದ ವರ್ಷ ಊರಿನ ಹಿರಿಯರು ಕೂತು ಯೋಚಿಸಿ, ಒಡಹುಟ್ಟಿದವನ ಕಿವಿ ಬೇರೆ ಕಿವಿಯಲ್ಲ ಎಂದು ತೀರ್ಮಾನಿಸಿ ನನ್ನನ್ನು ಕರೆಸಿದರು. ಅಂದಿನಿಂದ ಪ್ರತಿ ವರ್ಷ ವಧೆಯ ಬೆಳಿಗ್ಗೆ ನಾನು ಮಾರಿಕುಪ್ಪಂನಿಂದ ಬರುವ ರೈಲು ಹತ್ತಿ ಬಂಗಾರಪೇಟೆಯಲ್ಲಿಳಿದು, ಆಟೋ ಹಿಡಿದು ಊರಿಗೆ ಹೋಗಿ, ದೊಡ್ಡಣ್ಣನ ಮುಂದೆ ಕಿವಿಯೊಡ್ಡುವುದು, ಗೋಡೆ ಸುತ್ತಿಕೊಂಡು ಹೋಗಿ ಚಿಕ್ಕಣ್ಣನ ಕಿವಿಗೆ ಅದನ್ನು ಸುರಿಯುವುದು. ಬೇರೆ ದಿನಗಳಲ್ಲೂ ಅಷ್ಟೆ. ಹಸುವಿಗೆ ಗಬ್ಬ ನಿಂತಿದೆಯೇ, ಬೋರಿನ ಮೋಟಾರು ಯಾರು ಹಾಕುತ್ತಾರೆ, ತಂಗಿಯ ಮಗಳ ಮದುವೆಗೆ ಯಾವ ಬಸ್ಸು, ಎಲ್ಲವೂ ನನ್ನ ಮೊಬೈಲಿನ ಮೂಲಕ ರಾಬರ್ಟ್‌ಸನ್‌ಪೇಟೆಗೆ ಬಂದು ಮತ್ತೆ ಗೋಡೆಯಾಚೆಗೆ ಹೋಗುತ್ತಿತ್ತು.

ಈ ಕೆಲಸದಲ್ಲಿ ನನಗೆ ಒಳಗೊಳಗೇ ಒಂದು ಹೆಮ್ಮೆಯಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಭಾರತದಲ್ಲೂ ಭೀಮನಿಗೆ ತೊಡೆಯ ನೆನಪು ತಾನಾಗಿ ಬರಲಿಲ್ಲವಷ್ಟೆ. ಗದೆಗೆ ಗದೆ ತಾಗಿ ಇಬ್ಬರೂ ಬಳಲಿದ್ದಾಗ ಕೃಷ್ಣ ದೂರದಿಂದ ತನ್ನ ತೊಡೆ ತಟ್ಟಿ ತೋರಿಸಿದ ಎಂದು ನಮ್ಮ ಕಡೆ ಹೇಳುತ್ತಾರೆ. ಆ ಲೆಕ್ಕದಲ್ಲಿ ನಮ್ಮೂರಿನ ಕೃಷ್ಣ ನಾನೇ! ಹಾಗೆಂದು ಯಾರ ಪಕ್ಷವನ್ನೂ ಹಿಡಿದವನಲ್ಲ. ದೊಡ್ಡಣ್ಣನ ಮನೆಯಲ್ಲಿ ಮುದ್ದೆ ಉಂಡರೆ ಚಿಕ್ಕಣ್ಣನ ಮನೆಯಲ್ಲಿ ಮಜ್ಜಿಗೆ ಕುಡಿದು ಬರುತ್ತಿದ್ದೆ. ಯಾರ ತಪ್ಪು ಎಂದು ಕೇಳಿದರೆ ಮುಗುಳ್ನಗುತ್ತಿದ್ದೆ. ಯುದ್ಧ ಬೇಡವೆಂದು ತೀರ್ಥಯಾತ್ರೆಗೆ ಹೋದ ಬಲರಾಮನ ಮೇಲೆ, ಎಲ್ಲವನ್ನೂ ಕಂಡು ಕಂಡದ್ದನ್ನಷ್ಟೇ ಹೇಳಿದ ಸಂಜಯನ ಮೇಲೆ ನನಗೆ ಪಾಠ ಮಾಡುವಾಗಲೂ ಒಂದು ಕೈ ಹೆಚ್ಚು ಪ್ರೀತಿ. ತಮ್ಮ ಬಟ್ಟೆಗೆ ಕೆಸರು ತಾಗಿಸಿಕೊಳ್ಳದವರು ಅವರು. ಅದೇ ಕಥೆ ತುಂಬಿದ ಸಭೆಯಲ್ಲಿ ಬಾಯಿ ಕಟ್ಟಿಕೊಂಡು ಕೂತ ಹಿರಿಯರನ್ನು ಹೇಗೆ ನಡೆಸಿಕೊಂಡಿತು, ಧರ್ಮ ಸೂಕ್ಷ್ಮ ಎಂದು ನುಣುಚಿಕೊಂಡ ಪಿತಾಮಹನನ್ನು ಎಷ್ಟು ಬಾಣಗಳ ಮೇಲೆ ಮಲಗಿಸಿತು ಎಂಬುದನ್ನೂ ನಾನು ಪಾಠ ಮಾಡುತ್ತಿದ್ದೆ, ಆದರೆ ಅದು ಪರೀಕ್ಷೆಗೆ ಬರುವ ಪ್ರಶ್ನೆಯಾಗಿತ್ತು.

ಅಮ್ಮನ ಕೆಲಸ ಹೇಳುವುದು ಮರೆತೆ. ದುರ್ಯೋಧನ ಬಿದ್ದ ಮೇಲೆ ಅವನ ತಲೆಯ ಬಳಿ ಕೂತು ಅಳಬೇಕಾದ ಹೆಂಗಸು ನಮ್ಮ ಮನೆಯವಳೇ ಆಗಬೇಕು. ಮದುವೆಯಾಗಿ ಬಂದ ವರ್ಷದಿಂದ ಅಮ್ಮ ಅಳುತ್ತಿದ್ದಾಳೆ. ಅದು ನಟನೆ ಎಂದು ನೀವು ತಿಳಿದರೆ ಒಮ್ಮೆ ಬಂದು ನೋಡಬೇಕು. ಆ ಮೊರದಗಲದ ಕಣ್ಣನ್ನು ಸವರುತ್ತ, "ಮನೆ ಸೊಸೇನ ಸಬೆಗೆ ಎಳ್ಸಿದ್ಯಲ್ಲೋ ಪಾಪಿ, ಅದ್ಕೇ ಇಂಗಾಯ್ತು ನಿಂಗೆ! ಅಯ್ಯೋ ನನ್ನಪ್ಪಾ, ಏಳೋ, ಉಣ್ಣೋಕ್ ಏಳೋ" ಎಂದು ಬೈಯುತ್ತ ಕರೆಯುತ್ತ ಎದೆ ಬಡಿದುಕೊಳ್ಳುತ್ತಾಳೆ, ಆಮೇಲೆ ನಿಜವಾದ ಸಾವಿನ ಮನೆಯಿಂದ ಬಂದವಳಂತೆ ತಲೆಗೆ ನೀರು ಹಾಕಿಕೊಂಡು ಒಳಗೆ ಬರುತ್ತಾಳೆ. ಕಾಲೇಜಿನ ದಿನಗಳಲ್ಲಿ ನಾನು, ಕೆಟ್ಟವನಿಗೆ ಯಾಕಮ್ಮ ಇಷ್ಟು ಅಳ್ತೀಯ ಎಂದು ಕೇಳಿದ್ದೆ. "ಬೈಯೋದೂ ನಂದೇ ಕೆಲ್ಸ, ಅಳೋದೂ ನಂದೇ ಕೆಲ್ಸ. ಒಂದ್ ಮಾಡಿ ಇನ್ನೊಂದ್ ಬಿಡೋಕ್ ಆಯ್ತದಾ?" ಎಂದು ನನ್ನನ್ನೇ ಗದರಿಸಿದ್ದಳು. ಆ ಹುಡುಗಿಯ ಪ್ರಶ್ನೆಗೆ ನಾನು ಕೊಡಬೇಕಾಗಿದ್ದ ಉತ್ತರ ಇದೇ ಇರಬೇಕು ಎಂದು ಈಗ ಅನ್ನಿಸುತ್ತದೆ.

ಈ ವರ್ಷದ ವಧೆಯ ಬೆಳಿಗ್ಗೆ ಎಂದಿನಂತೆ ಹೋದೆ. ದೊಡ್ಡಣ್ಣ ಮೊಣಕೈವರೆಗೆ ಮಣ್ಣು ಮೆತ್ತಿಕೊಂಡು ದುರ್ಯೋಧನನ ಮೀಸೆಗೆ ಕೊನೆಯ ಸಲ ಮಸಿ ಬಳಿಯುತ್ತಿದ್ದವನು, ನನ್ನನ್ನು ಪಕ್ಕಕ್ಕೆ ಕರೆದು ಕಿವಿಯಲ್ಲಿ, "ನಾಕೂವರೆ ಗೇಣು" ಎಂದ. ಅದನ್ನು ಬಾಯೊಳಗೆ ಜಪಿಸುತ್ತ ಚಿಕ್ಕಣ್ಣನ ಬಾಗಿಲಿಗೆ ಬರುವಷ್ಟರಲ್ಲಿ ಜಗಲಿಯ ಮೇಲೆ ಕೂತಿದ್ದ ಅಮ್ಮ ಕೋಲನ್ನು ಅಡ್ಡ ಹಿಡಿದಳು.

"ಎಲ್ಲಿಗ್ಲಾ?"

"ಒಳಗೆ. ಗೇಣು ಹೇಳೋಕೆ."

"ಏಳ್ಬೇಡ. ಈ ಸಲ ನುಂಗ್ಕೊಂಡ್ಬಿಡು."

ನಾನು ನಗಲು ಹೋದೆ. ಆಕೆ ನಗುತ್ತಿರಲಿಲ್ಲ. ಊರಿನ ಮಾನ, ದೇವರ ಕೆಲಸ, ಮುಡಿ ಕಟ್ಟದಿದ್ದರೆ ಆಗುವ ಅಪಶಕುನ, ಎಲ್ಲವನ್ನೂ ಪಿಸುದನಿಯಲ್ಲಿ ಹೇಳಿದೆ. ಆಕೆ ಕೋಲನ್ನು ತೆಗೆಯಲಿಲ್ಲ.

"ನೀನು ಅಂಗೂ ಇಂಗೂ ಓಡಾಡ್ತಿರೋದ್ರಿಂದ್ಲೇ ಅವ್ರು ಕುಂತವ್ರೆ ಕಣ್ಲಾ. ಅನ್ನೊಂದ್ ವರ್ಸ ನೋಡ್ದೆ. ನೀನ್ ಒಳ್ಳೇವ್ನು ಅನ್ನಿಸ್ಕೊಂಡೆ, ನನ್ ಮಕ್ಳು ಮಾತು ಮರ್ತ್ರು."

ಸ್ವಾಮಿ, ನಾನು ಓದಿಕೊಂಡವನು. ಸಂಜಯನ ನಿರ್ಲಿಪ್ತತೆಯ ಬಗ್ಗೆ ಬೋರ್ಡಿನ ಮೇಲೆ ಟಿಪ್ಪಣಿ ಬರೆಸಿದವನು. ಆ ಜಗಲಿಯ ಕೆಳಗೆ ಚಪ್ಪಲಿ ಕಳಚಿ ನಿಂತಿದ್ದ ನನಗೆ ಮುಖಕ್ಕೆ ತಣ್ಣೀರು ಎರಚಿದಂತಾಯಿತು. ಮೋಟಾರಿನ ಮಾತು, ಬಸ್ಸಿನ ಮಾತು, ಗಬ್ಬದ ಹಸುವಿನ ಮಾತು, ಒಂದೊಂದೂ ಅವರಿಬ್ಬರೂ ಒಬ್ಬರನ್ನೊಬ್ಬರು ಕೇಳಲೇಬೇಕಾಗಿದ್ದ ಮಾತು. ಅಷ್ಟನ್ನೂ ಅವರ ಬಾಯಿಂದ ನಾನೇ ತೆಗೆದುಕೊಂಡಿದ್ದೆ. ಗೋಡೆ ಕಟ್ಟಿದವರು ಅವರು. ಅದನ್ನು ಬೀಳದಂತೆ ಹನ್ನೊಂದು ವರ್ಷ ಆತುಕೊಂಡು ನಿಂತವನು ನಾನು. ನನಗೆ ಅಮ್ಮನ ಮೇಲೆ ಸಿಟ್ಟೂ ಬಂತು, ನಾಚಿಕೆಯೂ ಆಯಿತು. ಒಳಗೆ ಹೋಗದೆ ಹಾಗೇ ಬಯಲಿಗೆ ನಡೆದೆ.

ಬಿಸಿಲು ನೆತ್ತಿಗೇರುವ ಹೊತ್ತು. ಬಯಲಿನ ಸುತ್ತ ಜನ, ಕೊಡೆ, ಐಸ್‌ಕ್ಯಾಂಡಿಯ ಸೈಕಲ್ಲು. ತಲೆಯ ಬಳಿ ಅಮ್ಮ, ಪಾದದ ಬಳಿ ಮುಡಿ ಬಿಚ್ಚಿಕೊಂಡು ನಿಂತ ದ್ರೌಪದಿ ವೇಷದ ಆಳು, ಅಂಚಿನಲ್ಲಿ ಕೈಕಟ್ಟಿಕೊಂಡ ದೊಡ್ಡಣ್ಣ. ತಮಟೆಯ ಸದ್ದಿಗೆ ಚಿಕ್ಕಣ್ಣ ಕಿರೀಟ, ಭುಜಕೀರ್ತಿ, ಎದೆಕವಚದ ಭಾರ ಹೊತ್ತು ಬಂದ. ಬರುತ್ತಲೇ ಅವನ ಕಣ್ಣು ಜನರ ನಡುವೆ ನನ್ನನ್ನು ಹುಡುಕಿತು, ಸಿಕ್ಕಿತು, ಏನು ಎಂದು ಹುಬ್ಬೇರಿಸಿತು. ನಾನು ನೆಲ ನೋಡಿದೆ. ಬೇರೆ ದಾರಿಯಿಲ್ಲದೆ ಅವನು ಹೋದ ವರ್ಷದ ಲೆಕ್ಕ ಹಿಡಿದು ಗದೆ ಎತ್ತಿ ಬೀಸಿದ. ಧೂಳೆದ್ದಿತು. "ಗೋವಿಂದಾ" ಎಂದು ಜನ ಕೂಗಿದರು. ಕೆಂಪು ಬರಲಿಲ್ಲ.

ಇನ್ನೊಂದು ಸಲ ಬೀಸಿದ. ಮೂರನೆಯ ಸಲ ಬೀಸಿದ. ಮಣ್ಣಿನ ಮೇಲೆ ಬಿರುಕು ಬಿಟ್ಟಿತೇ ಹೊರತು ಒಂದು ಹನಿ ಇಲ್ಲ. ಒಂದು ಕಡೆಯಿಂದ "ಏಮಯಿಂದಿರಾ?" ಎಂದೂ ಇನ್ನೊಂದು ಕಡೆಯಿಂದ "ಎನ್ನಾಚ್ಚು?" ಎಂದೂ, ಏನಾಯಿತೆಂದು ಎರಡು ಭಾಷೆಯಲ್ಲಿ ಗುಸುಗುಸು ಎದ್ದಿತು. ಅದರೊಳಗಿಂದ ಯಾವನೋ, "ತಮ್ಮನ ಮಾನ ತೆಗಿಯೋಕೆ ಮಡಿಕೇನೇ ಇಕ್ಕಿಲ್ಲ ಕಣೋ" ಎಂದ. ಆ ಮಾತು ದೊಡ್ಡಣ್ಣನಿಗೆ ಕೇಳಿಸಿದ್ದು ಅವನ ಮುಖದಲ್ಲೇ ಕಂಡಿತು. ಹತ್ತು ದಿನ ಬೆನ್ನು ಬಗ್ಗಿಸಿ ಕಟ್ಟಿದ ಮೈ ಅದು. ತಮ್ಮ ಬೇಕೆಂದೇ ತಪ್ಪಿಸಿ ಹೊಡೆಯುತ್ತಿದ್ದಾನೆ ಎಂದು ಅವನು, ಅಣ್ಣ ಬೇಕೆಂದೇ ಲೆಕ್ಕ ಹೇಳಿಕಳಿಸಿಲ್ಲ ಎಂದು ಇವನು, ಇಬ್ಬರೂ ನನ್ನನ್ನೇ ದುರುಗುಟ್ಟಿ ನೋಡಿದರು. ನಾಲ್ಕೂವರೆ ಗೇಣು ನನ್ನ ನಾಲಗೆಯ ತುದಿಯಲ್ಲಿತ್ತು. ಬಲಗೈ ತಾನಾಗಿ ತೊಡೆಯ ಮೇಲೆ ಹೋಯಿತು, ಒಂದು ಸಲ ತಟ್ಟಿದ್ದರೆ ಸಾಕಾಗಿತ್ತು, ಎಲ್ಲವೂ ಮೊದಲಿನಂತಾಗುತ್ತಿತ್ತು. ಮೊದಲಿನಂತೆ ಎಂಬ ಮಾತು ಹೊಳೆದದ್ದೇ ಭಯವಾಯಿತು. ಕೈಯನ್ನು ಎತ್ತಿ ಜೇಬಿಗೆ ಹಾಕಿಕೊಂಡೆ. ಊರೆಲ್ಲ ಸೇರಿ ನನ್ನನ್ನು ಉಗಿದರೂ ಸರಿ ಎಂದುಕೊಂಡೆ.

ಚಿಕ್ಕಣ್ಣ ನಾಲ್ಕನೆಯ ಸಲ ಗದೆ ಎತ್ತಿದ. ಅರುವತ್ತು ಮುಟ್ಟಿದ ತೋಳು, ಎತ್ತಿದ್ದು ಅರ್ಧಕ್ಕೇ ಇಳಿಯಿತು. ಗದೆಯನ್ನು ಊರಿಕೊಂಡು ಏದುಸಿರು ಬಿಡುತ್ತ, ಆ ಭಾರದ ಕಿರೀಟ ಕವಚದೊಂದಿಗೆ ಇಡೀ ಮೈಯನ್ನು ನಿಧಾನಕ್ಕೆ ತಿರುಗಿಸಿ ಅಂಚಿನಲ್ಲಿ ನಿಂತವನ ಕಡೆ ನೋಡಿದ. ತಮಟೆ ನಿಂತಿತ್ತು.

"ಎಲ್ಲಿ ಇಕ್ಕಿದ್ದೀಯಣ್ಣಾ?"

ಅದು ಭೀಮನ ದನಿಯಾಗಿರಲಿಲ್ಲ. ಚಿಕ್ಕವನಿದ್ದಾಗ ಅಣ್ಣ ಗೋಲಿ ಬಚ್ಚಿಟ್ಟರೆ ಅವನು ಕೇಳುತ್ತಿದ್ದ ದನಿ ಅದು. ದೊಡ್ಡಣ್ಣ ಅಂಚಿನಿಂದ ನಡೆದು ಬಂದ. ದುರ್ಯೋಧನನ ಮಂಡಿಯ ಬಳಿ ಕುಕ್ಕರುಗಾಲಲ್ಲಿ ಕೂತು, ಒಣಗಿದ ಮಣ್ಣು ಹತ್ತಿದ ಅದೇ ಕೈಯಿಂದ ಗೇಣು ಹಾಕುತ್ತ ಹೋದ: ಒಂದು, ಎರಡು, ಮೂರು, ನಾಲ್ಕು, ಅರ್ಧ. ಅಲ್ಲಿ ಅಂಗೈ ಊರಿದ.

"ಇಲ್ಲೈತೆ. ಮೆಲ್ಲಗೆ ಬೀಸೋ, ಸೊಂಟ ಉಳುಕ್ಸ್ಕೊಂಡೀಯ."

ಚಿಕ್ಕಣ್ಣ ಗದೆ ಎತ್ತಿದ. ಎತ್ತಿದವನು ಹಾಗೇ ನಿಂತ. ದೊಡ್ಡಣ್ಣ ಕೈಯನ್ನು ಅಲ್ಲೇ ಮರೆತು, ತಮ್ಮನ ಮುಖವನ್ನೇ ನೋಡುತ್ತ ಕೂತಿದ್ದ.

"ಕೈ ತೆಗಿಯಣ್ಣ."

ಆಮೇಲೆ ಮಡಕೆ ಒಡೆಯಿತು. ಕೆಂಪು ನೀರು ಚಿಮ್ಮಿ ಇಬ್ಬರ ಮೈಮೇಲೂ ಬಿತ್ತು, ದ್ರೌಪದಿ ಮುಡಿ ಕಟ್ಟಿದಳು, ಜನ ಬೊಬ್ಬೆ ಹಾಕಿದರು. ಅಮ್ಮನಿಗೆ ಈ ವರ್ಷ ಬೈಗುಳ ಮರೆತುಹೋಗಿತ್ತು. ಆ ಮಣ್ಣಿನ ತಲೆಯನ್ನು ತಬ್ಬಿಕೊಂಡು, "ಅಯ್ಯೋ ನನ್ನಪ್ಪಗಳಾ, ಅಯ್ಯೋ ನನ್ನಪ್ಪಗಳಾ" ಎಂದಷ್ಟೇ ಅಳುತ್ತಿದ್ದಳು. ಪಕ್ಕದ ಹೆಂಗಸರು, ಒಬ್ಬನಿಗೆ ಅಳುವಾಗ ಬಹುವಚನ ಯಾಕೆಂದು ಯೋಚಿಸದೆ ತಾವೂ ದನಿಗೂಡಿಸಿದರು. ನಾನೂ ಅತ್ತೆ. ಹನ್ನೊಂದು ವರ್ಷದಲ್ಲಿ ಅದೇ ಮೊದಲು.

ಸೊಂಟದ ಕೆಳಗೆ ಹೊಡೆಯುವುದು ಗದಾಯುದ್ಧದಲ್ಲಿ ನಿಷಿದ್ಧ. ಭೀಮನ ಆ ಏಟಿಗೆ ಬಲರಾಮ ನೇಗಿಲೆತ್ತಿಕೊಂಡು ಬಂದ, ಬಿದ್ದವನ ಮೇಲೆ ದೇವತೆಗಳು ಹೂ ಸುರಿಸಿದರು, ಗೆದ್ದವರು ತಲೆ ತಗ್ಗಿಸಿ ನಿಂತರು ಎಂದು ಕಥೆಯೇ ಹೇಳುತ್ತದೆ. ಗೆದ್ದವರು ಸಂತೋಷಪಡಲು ಅದು ಒಂದು ಮಧ್ಯಾಹ್ನವನ್ನೂ ಬಿಟ್ಟುಕೊಡುವುದಿಲ್ಲ. ಧರ್ಮ ಗೆದ್ದಿತೆಂಬ ಒಂದೇ ಸಾಲಿಗೆ ಇಷ್ಟು ಉದ್ದದ ಕಥೆ ಬೇಕಿರಲಿಲ್ಲ. ಯುದ್ಧ ಮುಗಿದ ಮೇಲೂ ಅದು ನಿಲ್ಲದೆ ಗಾಂಧಾರಿಯನ್ನು ರಣರಂಗಕ್ಕೆ ಕರೆತರುತ್ತದೆ, ಸತ್ತವರ ಹೆಸರು ಹಿಡಿದು ಅಳಿಸುತ್ತದೆ, ಕೊನೆಗೆ ಸ್ವರ್ಗದ ಬಾಗಿಲಲ್ಲಿ ಧರ್ಮರಾಯನೆದುರು ಅದೇ ದಾಯಾದಿಯನ್ನು ಕೂರಿಸಿ, ಈಗೇನು ಹೇಳುತ್ತೀಯ ಎಂದು ಕೇಳುತ್ತದೆ. ಹಗೆ ಹಿಡಿದವನು ಸತ್ತ ಮೇಲೂ ಬಂಧುವೇ ಆಗಿರುತ್ತಾನೆ ಎಂಬ ಕಷ್ಟದ ಮಾತನ್ನು ಪಂಡಿತರು ಬಿಡಿಸಿ ಹೇಳುವ ಮೊದಲೇ ನಮ್ಮೂರಿನ ಹೆಂಗಸರು ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ತಂದಿದ್ದಾರೆ, ರಾಗಿಯೊಳಗೆ ಇಟ್ಟಿದ್ದಾರೆ. ಇದು ನನಗೆ ಹೊಳೆದದ್ದು ಹೀಗೆ, ಐವತ್ತರ ಮೇಲೆ.

ಅಪ್ಪಿಕೊಳ್ಳುವುದು ಗಿಪ್ಪಿಕೊಳ್ಳುವುದು ಏನೂ ನಡೆಯಲಿಲ್ಲ, ನಮ್ಮ ಮನೆಯಲ್ಲಿ ಆ ಪದ್ಧತಿಯಿಲ್ಲ. ಚಿಕ್ಕಣ್ಣ ಕಿರೀಟ ತೆಗೆದು ಬೆವರೊರೆಸುತ್ತ, "ಯಾವ್ ಮಣ್ಣಣ್ಣ ಇದು, ಕಲ್ಲಂಗೈತೆ?" ಎಂದು ಕೇಳಿದ. ದೊಡ್ಡಣ್ಣ ಕೈಗೆ ಹತ್ತಿದ ಮಣ್ಣು ಉದುರಿಸಿಕೊಳ್ಳುತ್ತ, "ತಿಪ್ಪೆ ಪಕ್ಕದ್ದು" ಎಂದ. ಚಿಕ್ಕಣ್ಣ ಮುರಿದ ತೊಡೆಯಿಂದ ಒಂದು ಹೆಂಟೆ ಎತ್ತಿ ಮೂಸಿ ನೋಡಿ, "ಅಲ್ಲಿ ಮಣ್ಣು ಚೆನ್ನಾಗೈತೆ ಬಿಡು" ಎಂದ. ಸಂಧಿ ಮುಗಿಯಿತು. ತಿಪ್ಪೆ ಇನ್ನೂ ಅಲ್ಲೇ ಇದೆ, ಗೋಡೆಯ ಕಡೆಗೇ ವಾಲಿಕೊಂಡಿದೆ.

ಆ ಗಲಾಟೆಯಲ್ಲಿ ಚಿಕ್ಕಣ್ಣ ಒಂದು ದೊಡ್ಡ ಉಂಡೆ ಮಣ್ಣನ್ನು ತಂದು, ಹಳೆಯ ರೂಢಿಯಂತೆ, "ಇದ್ನ ಅಣ್ಣನ ಮನೆಗೆ ಕೊಟ್ಬಿಡು" ಎಂದು ನನ್ನ ಕಡೆ ನೀಡಿದ. ಅಣ್ಣ ಕಲಸಿದ್ದೆಂದು ಅವನು ಹನ್ನೊಂದು ವರ್ಷ ಆ ಮಣ್ಣನ್ನು ಮುಟ್ಟಿದವನೇ ಅಲ್ಲ. ನಾನು ಕೈ ಚಾಚಲಿಲ್ಲ. "ಅಲ್ಲೇ ನಿಂತಿದ್ದಾನಲ್ಲ, ನೀನೇ ಕೊಡು" ಎಂದೆ. "ಓಹೋ, ದೊಡ್ಡ ಮನ್ಸ ಆಗ್ಬಿಟ್ಟೆ" ಎಂದು ಗೊಣಗುತ್ತ ಅವನೇ ಹೋದ. ಅವನು ಹೋಗಿ ಕೊಡುವುದನ್ನೂ ಇವನು ಟವಲು ಒಡ್ಡಿ ತೆಗೆದುಕೊಳ್ಳುವುದನ್ನೂ ನೋಡುತ್ತ ನಿಂತವನಿಗೆ ನನ್ನ ಪಾಲಿನದು ನೆನಪಾಗಲೇ ಇಲ್ಲ. ಬರಿಗೈಲಿ ಸಂಜೆಯ ಮಾರಿಕುಪ್ಪಂ ರೈಲು ಹತ್ತಿದೆ.

ಇದನ್ನೆಲ್ಲ ಹೆಂಡತಿಗೆ ಹೇಳುವುದೋ ಬೇಡವೋ ಎಂದು ಖಾಲಿ ಡ್ರಮ್ಮಿನ ಮುಂದೆ ನಿಂತಿದ್ದಾಗಲೇ ಫೋನು ಬಂತು, ದೊಡ್ಡಣ್ಣನದು. "ಲೋ, ವಧೆ ದಿನ ನೀನು ಮಣ್ಣು ತಗೊಂಡೋಗೋದೇ ಮರ್ತ್ಯಂತೆ. ಉಂಡೆ ಕಟ್ಟಿ ಒಣಗಿಸಿ ಮಡಗವ್ನಂತೆ ನಿಂಗೆ. ಅವ್ನು ಏಳ್ದ."

ಅವನು ಹೇಳಿದ. ಒಬ್ಬನ ಮಾತನ್ನು ಇನ್ನೊಬ್ಬನಿಗೆ ನಾನು ಸಾವಿರ ಸಲ ಮುಟ್ಟಿಸಿದ್ದೇನೆ. ಒಬ್ಬನ ಮಾತು ಇನ್ನೊಬ್ಬನ ಬಾಯಿಂದ ನನಗೆ ಬಂದದ್ದು ಇದೇ ಮೊದಲು. "ಯಾರು ಹೇಳಿದ್ದಣ್ಣ?" ಎಂದು ಕೇಳಿದೆ.

"ಕಿವಿ ಕೇಳಲ್ವೇನ್ಲಾ? ನಿನ್ ಚಿಕ್ಕಣ್ಣ. ಇಲ್ಲೇ ಕುಂತವ್ನೆ, ಅವ್ನು ಏಳ್ದ."

ಕೇಳಿಸಿತ್ತು. ಇನ್ನೊಂದು ಸಲ ಕೇಳಬೇಕೆನ್ನಿಸಿತು, ಅಷ್ಟೆ. ಫೋನಿಟ್ಟು, ಮೂಟೆಯ ಬಾಯಿ ಬಿಚ್ಚಿ ಕಾಯುತ್ತಿದ್ದ ಹೆಂಡತಿಗೆ, ರಾಗಿ ಸುರಿ, ಮೇಲೆ ಒಂದು ಗೇಣು ಜಾಗ ಬಿಡು, ಭಾನುವಾರ ಹೋಗಿ ತರುತ್ತೇನೆ ಎಂದೆ.